ಭತ್ತದ ಬೆಂಕಿ ರೋಗ: ಬೆಳೆ ರೋಗತಜ್ಞೆಗೆ ನಿಮ್ಮ ಪ್ರಶ್ನೆ

ಮಳವಳ್ಳಿ ಸದಸ್ಯ: ನಮಸ್ಕಾರ ಮೇಡಂ. ಒಂದೇ ಗದ್ದೆಯಲ್ಲಿ ಎರಡು ತಳಿ, ನಡುವೆ ಬದು. ಆಚೆ ಎಲೆ ಮೇಲೆ ಕಣ್ಣಿನ ಆಕಾರದ ಮಚ್ಚೆ, ಮಧ್ಯೆ ಬೂದಿ ಬಣ್ಣ. ಈಚೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಅಷ್ಟೆ. ಎರಡಕ್ಕೂ ಔಷಧಿ ಹೊಡೀಬೇಕಾ?

ತಜ್ಞೆ: ನಮಸ್ಕಾರ. ಆಚೆಯದು ಬೆಂಕಿ ರೋಗವೇ. ಟ್ರೈಸೈಕ್ಲಜೋಲ್ ಶೇ. 75ರ ಪುಡಿ, ಲೀಟರ್ ನೀರಿಗೆ 0.6 ಗ್ರಾಂ. ನನಗೆ ಕುತೂಹಲ ಈಚೆಯ ಚುಕ್ಕೆ ಬಗ್ಗೆ. ಬೆಂಕಿ ರೋಗ ತರುವುದು ಒಂದು ಶಿಲೀಂಧ್ರ. ಅದರ ಕೋಶದ ಗೋಡೆಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇರುತ್ತದೆ. ಕೈಟಿನ್ ಚೂರು ತಗುಲಿದರೆ ಭತ್ತದ ಜೀವಕೋಶದ ಮೇಲಿರುವ ಒಂದು ಪ್ರೋಟೀನ್ ಅದನ್ನು ಹಿಡಿದು ಒಳಕ್ಕೆ ಸುದ್ದಿ ಮುಟ್ಟಿಸುತ್ತದೆ. ಗಿಡ ಕೈಟಿನೇಸ್ ಅನ್ನೋ ಕಿಣ್ವ ತಯಾರಿಸಿ ಆ ಗೋಡೆಯನ್ನೇ ಕರಗಿಸಲು ಹೊರಡುತ್ತದೆ. ಶಿಲೀಂಧ್ರವೇನು ದಡ್ಡ ಅಲ್ಲ. ಎಸ್‌ಎಲ್‌ಪಿ1 ಅನ್ನೋ ತನ್ನ ಪ್ರೋಟೀನ್ ಬಿಟ್ಟು ಚೂರುಗಳನ್ನು ಮುಚ್ಚಿಡುತ್ತದೆ. ಪಿಐ-ಟಾ ತರಹದ, ರೋಗ ತಡೆಯುವ ಜೀನ್ ಇರುವ ತಳಿಯಲ್ಲಿ ಕೋಶದೊಳಗೆ ಇನ್ನೊಂದು ಕಾವಲು ಪ್ರೋಟೀನ್ ಕೂತಿರುತ್ತದೆ. ಶಿಲೀಂಧ್ರ ಒಳಗೆ ಬಿಟ್ಟ ಪ್ರೋಟೀನ್ ಗುರುತು ಸಿಕ್ಕರೆ, ಆ ಕೋಶ ತಾನೇ ಸತ್ತು ದಾರಿ ಕಟ್ಟುತ್ತದೆ. ನಿಮ್ಮ ಚುಕ್ಕೆ ಅದೇ ಇರಬಹುದು. ಮೂರು ಎಲೆಯಲ್ಲಿ ಚುಕ್ಕೆ ಸುತ್ತ ಮಾರ್ಕರ್‌ನಿಂದ ಗೆರೆ ಹಾಕಿ, ಐದು ದಿನ ಬಿಟ್ಟು ಹೇಳಿ. ಗೆರೆ ದಾಟಿದರೆ ನನ್ನ ಊಹೆ ತಪ್ಪು. ಕಂದು ಚುಕ್ಕೆ ರೋಗವೂ ಹೀಗೇ ಶುರುವಾಗುತ್ತದೆ.

ಮದ್ದೂರು ಸದಸ್ಯ: ಡೋಸ್ ಎಷ್ಟು ಮೇಡಂ?

ತಜ್ಞೆ: ಮೇಲೆ ಇದೆ.

ಪಾಂಡವಪುರ ಸದಸ್ಯ: ಫಾರ್ವರ್ಡ್: "ಬೆಂಕಿ ರೋಗಕ್ಕೆ ರಾಮಬಾಣ! ಮೊಟ್ಟೆ, ಲಿಂಬೆರಸ, ಯೂರಿಯಾ ಕಲಸಿ ಹೊಡೆಯಿರಿ." ಪ್ರೋಟೀನ್ ಅಂದ್ರಲ್ಲ ಮೇಡಂ, ಇದೇ ಅಲ್ವಾ?

ತಜ್ಞೆ: ಅಲ್ಲ. ಮೊಟ್ಟೆ ಹೊಡೆದರೆ ಎಲೆಯೊಳಗೆ ಕೈಟಿನೇಸ್ ಆಗಲ್ಲ. ಯೂರಿಯಾ ಜಾಸ್ತಿಯಾದರೆ ಬೆಂಕಿ ರೋಗಕ್ಕೆ ನೀವೇ ಊಟ ಬಡಿಸಿದ ಹಾಗೆ. ಈ ವಾರ ಇದು ಮೂರನೇ ಸಲ. ದಯವಿಟ್ಟು ಅಳಿಸಿ.

ಪಾಂಡವಪುರ ಸದಸ್ಯ: ನಮ್ಮಪ್ಪ ಯಾವ ಔಷಧಿ ಹೊಡೀತಿದ್ರು?

ಕೆ.ಆರ್. ಪೇಟೆ ಸದಸ್ಯ: ಎಕರೆಗೆ ಎಷ್ಟು ಮೂಟೆ ಬೆಳೀತಿದ್ರು ಅದನ್ನೂ ಹೇಳಿ ಅಣ್ಣ.

ಪಾಂಡವಪುರ ಸದಸ್ಯ: ಅಪ್ಪನ ಸುದ್ದಿಗೆ ಬರಬೇಡ.

ಕೆ.ಆರ್. ಪೇಟೆ ಸದಸ್ಯ: ತೆಗೆದಿದ್ದು ನೀವೇ!

ತುಮಕೂರು ಸದಸ್ಯ: ರಾಗಿ ತೆನೆಯ ಕುತ್ತಿಗೆ ಕಪ್ಪಾಗಿದೆ. ಇದೂ ಅದೇನಾ?

ಶೃಂಗೇರಿ ಸದಸ್ಯ: ಅಡಿಕೆ ಕೊಳೆರೋಗಕ್ಕೂ ಇದೇ ಔಷಧಿ ಆಗುತ್ತಾ ಮೇಡಂ?

ತಜ್ಞೆ: ಇಲ್ಲ. ಕೊಳೆರೋಗ ತರುವ ಫೈಟಾಫ್ತೊರಾ ಅನ್ನೋ ಸೂಕ್ಷ್ಮಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ಬೋರ್ಡೋ ದ್ರಾವಣ, ಶೇ. 1.

ಪಾಂಡವಪುರ ಸದಸ್ಯ: ಎಲ್ಲಾ ಕಂಪನಿ ಪರ.

ತಜ್ಞೆ: ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ. ಮನೆಯಲ್ಲೇ ಕಲಸಬಹುದು. ಯಾವ ಕಂಪನಿ ಸ್ವಾಮಿ?

ತುಮಕೂರು ಸದಸ್ಯ: ಮೇಡಂ, ರಾಗಿ?

ಮಳವಳ್ಳಿ ಸದಸ್ಯ: ಐದು ದಿನ ಆಯ್ತು. ಎರಡು ಎಲೆಯಲ್ಲಿ ಗೆರೆ ದಾಟಿಲ್ಲ. ಮೂರನೆಯದನ್ನ ಎಮ್ಮೆ ತಿಂದಿದೆ.

ತಜ್ಞೆ: ಎರಡು ಸಾಕು! ಈಚೆ ಸದ್ಯಕ್ಕೆ ಹೊಡೆಯಬೇಡಿ, ತೆನೆ ಬರುವಾಗ ಮತ್ತೆ ನೋಡೋಣ. ಆ ತಳಿ ಹೆಸರೇನು?

ಮದ್ದೂರು ಸದಸ್ಯ: ಮೇಡಂ, ಡೋಸ್?