ಡೈಲ್ಯೂಟ್ ಮಾಡಿದ್ರೆ ಸ್ಟ್ರಾಂಗ್ ಆಸಿಡ್ ವೀಕ್ ಆಗುತ್ತಾ?

ಪ್ರಶ್ನೆ: ಮೇಡಂ, ಹೈಡ್ರೋಕ್ಲೋರಿಕ್ ಆಸಿಡ್‌ನ ತುಂಬಾ ಡೈಲ್ಯೂಟ್ ಮಾಡಿ ಪಿಎಚ್ (ಕಮ್ಮಿ ಇದ್ದಷ್ಟೂ ಆಮ್ಲೀಯತೆ ಜಾಸ್ತಿ ಅನ್ನೋ ಅಳತೆ) 4ಕ್ಕೆ ತಂದ್ರೆ ಅದು ವೀಕ್ ಆಸಿಡ್ ಆಯ್ತು ಅಲ್ವಾ? 0.1 ಮೋಲಾರ್ (ಲೀಟರ್‌ಗೆ 0.1 ಮೋಲ್) ಅಸಿಟಿಕ್ ಆಸಿಡ್‌ದೇ ಪಿಎಚ್ 2.9 ಇದೆ, ಅಂದ್ಮೇಲೆ ಅದೇ ಸ್ಟ್ರಾಂಗ್ ತಾನೇ?

ಉತ್ತರ: ಇಲ್ಲ, ಎರಡೂ ಅಲ್ಲ. ನೀವು ಪಿಎಚ್ ನೋಡ್ಕೊಂಡು ಸ್ಟ್ರಾಂಗ್, ವೀಕ್ ಅಂತ ತೀರ್ಮಾನ ಮಾಡ್ತಿದೀರಿ, ತಪ್ಪು ಆಗ್ತಿರೋದು ಅಲ್ಲೇ. ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಆಸಿಡ್ ಇದೆ ಅನ್ನೋದು ಕಾನ್ಸಂಟ್ರೇಶನ್, ಅದು ನಮ್ಮ ಕೈಲಿದೆ, ನೀರು ಹೆಚ್ಚಾದ್ರೆ ಕಮ್ಮಿಯಾಗುತ್ತೆ. ಆದ್ರೆ ಹಾಕಿದ್ರಲ್ಲಿ ಎಷ್ಟು ಭಾಗ ಒಡೆದು ಹೈಡ್ರೋಜನ್ ಅಯಾನ್ ಬಿಟ್ಟುಕೊಡುತ್ತೆ ಅನ್ನೋದು ಆ ಆಸಿಡ್‌ನ ಗುಣ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಪೂರ್ತಿ ಒಡೆಯುತ್ತೆ, ಪಿಎಚ್ 1 ಬರುತ್ತೆ, ಅಷ್ಟೇ ಕಾನ್ಸಂಟ್ರೇಶನ್‌ನ ಅಸಿಟಿಕ್‌ನಲ್ಲಿ ನೂರಕ್ಕೆ ಒಂದು ಚಿಲ್ಲರೆ ಅಣು ಮಾತ್ರ ಒಡೆದಿರುತ್ತೆ, ಉಳಿದದ್ದೆಲ್ಲ ಹಾಗೇ ಇರುತ್ತೆ. ನಿಮ್ಮ ಪಿಎಚ್ 4ರ ಹೈಡ್ರೋಕ್ಲೋರಿಕ್‌ನಲ್ಲಿ ಆಸಿಡ್ ಇರೋದೇ 0.0001 ಮೋಲಾರ್, ಆದ್ರೆ ಇರೋ ಅಷ್ಟೂ ಒಡೆದಿದೆ, ಹಾಗಾಗಿ ಅದು ಡೈಲ್ಯೂಟ್ ಆದ ಸ್ಟ್ರಾಂಗ್ ಆಸಿಡ್.

ಇನ್ನೊಂದು ಮಜಾ ಏನಂದ್ರೆ ಅಸಿಟಿಕ್‌ನ 0.001 ಮೋಲಾರ್‌ಗೆ ಇಳಿಸಿದ್ರೆ ಒಡೆಯೋ ಪಾಲು ಶೇಕಡಾ 12ರ ಆಸುಪಾಸಿಗೆ ಏರುತ್ತೆ! ಹಾಗಂತ ಅದು ಸ್ಟ್ರಾಂಗ್ ಆಗ್ಲಿಲ್ಲ, ಅದರ ಕೆಎ ಬೆಲೆ, ಅಂದ್ರೆ ಆಸಿಡ್ ಎಷ್ಟು ಸುಲಭವಾಗಿ ಒಡೆಯುತ್ತೆ ಅಂತ ಹೇಳೋ ಸ್ಥಿರಾಂಕ, ಅದೇ ತಾಪಮಾನದಲ್ಲಿ ಹಾಗೇ ಇರುತ್ತೆ, ಹೋಲಿಸಬೇಕಾದ್ದು ಅದನ್ನೇ.

ಪ್ರಶ್ನೆ: ಸರಿ ಮೇಡಂ, ಹಾಗಾದ್ರೆ ಟೈಟ್ರೇಶನ್‌ನಲ್ಲಿ (ಆಸಿಡ್‌ಗೆ ಅಳತೆ ಮಾಡಿ ಬೇಸ್ ಹಾಕ್ತಾ ಹೋಗೋದ್ರಲ್ಲಿ) ಅಸಿಟಿಕ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಕಮ್ಮಿ ಸಾಕಾಗುತ್ತಾ, ಒಡೆದಿರೋದೇ ಅಷ್ಟು ಕಮ್ಮಿ ಅಲ್ವಾ?

ಉತ್ತರ: ಒಳ್ಳೆ ಪ್ರಶ್ನೆ, ಪರೀಕ್ಷೆಲಿ ತುಂಬಾ ಜನ ಎಡವೋ ಜಾಗ ಇದು. ಎರಡೂ 0.1 ಮೋಲಾರ್, ಎರಡೂ 25 ಎಂಎಲ್ ಇದ್ರೆ ಬ್ಯೂರೆಟ್‌ನಿಂದ ಬೀಳೋ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಎರಡಕ್ಕೂ 25 ಎಂಎಲ್ಲೇ. ಒಡೆದಿದ್ದ ಹೈಡ್ರೋಜನ್ ಅಯಾನ್ ಖರ್ಚಾಗ್ತಾ ಹೋದ ಹಾಗೆ ಒಡೆಯದೇ ಉಳಿದಿದ್ದ ಅಣುಗಳು ಒಡೀತಾ ಬರ್ತವೆ, ಕೊನೆಗೆ ಎಲ್ಲದರ ಲೆಕ್ಕವೂ ಚುಕ್ತಾ ಆಗುತ್ತೆ. ವ್ಯತ್ಯಾಸ ಕಾಣೋದು ಎಂಡ್ ಪಾಯಿಂಟ್ (ಆಸಿಡ್ ಪೂರ್ತಿ ಮುಗಿಯೋ ಹಂತ) ಹತ್ರ, ಅಸಿಟಿಕ್‌ದು ಪಿಎಚ್ 7ಕ್ಕಿಂತ ಮೇಲೆ ನಿಲ್ಲುತ್ತೆ, ಅದಕ್ಕೇ ಆ ಮಟ್ಟದಲ್ಲಿ ಬಣ್ಣ ಬದಲಿಸೋ ಸೂಚಕ ಫಿನಾಲ್ಫ್ತಲೀನ್ ಹಾಕೋದು, ಮೀಥೈಲ್ ಆರೆಂಜ್ ಹಾಕಿದ್ರೆ ಬಣ್ಣ ಬೇಗನೇ ತಿರುಗಿ ರೀಡಿಂಗ್ ಕೆಡುತ್ತೆ.

ಪ್ರಶ್ನೆ: ವೀಕ್ ಆಸಿಡ್ ಅಂದ್ರೆ ಕೈಗೆ ತಾಗಿದ್ರೂ ಪರ್ವಾಗಿಲ್ಲ ಅಂತಾನಾ?

ಉತ್ತರ: ದಯವಿಟ್ಟು ಹಾಗೆ ಅಂದ್ಕೋಬೇಡಿ. ಗ್ಲೇಸಿಯಲ್, ಅಂದ್ರೆ ನೀರು ಬೆರೆಸದ, ಅಸಿಟಿಕ್ ಆಸಿಡ್ ಚರ್ಮ ಸುಡುತ್ತೆ. ಹೈಡ್ರೋಫ್ಲೋರಿಕ್ ಆಸಿಡ್ ಕೂಡ ಲೆಕ್ಕದಲ್ಲಿ ವೀಕೇ, ಆದ್ರೆ ಚರ್ಮದೊಳಗೆ ಇಳಿದು ಫ್ಲೋರೈಡ್ ದೇಹದ ಕ್ಯಾಲ್ಸಿಯಂನ ಹಿಡ್ಕೊಳ್ಳುತ್ತೆ, ಡೈಲ್ಯೂಟ್ ಇದ್ರೆ ನೋವು ಗಂಟೆಗಳ ನಂತ್ರ ಶುರುವಾಗೋದೂ ಉಂಟು, ಹೃದಯಕ್ಕೂ ಅಪಾಯ. ತಾಗಿದ ಕೂಡ್ಲೇ ನೀರಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ, ನೋವು ಬರ್ಲಿ ಬಿಡ್ಲಿ ಆಸ್ಪತ್ರೆಗೆ ಹೋಗ್ಲೇಬೇಕು.