ಬಂಡೆಗಳ ಕಡಲತಡಿಯಲ್ಲಿ ಸೈಕಲ್ ಪ್ರವಾಸ: ದಿನಕ್ಕೆ 90 ಕಿ.ಮೀ. ಆಗುತ್ತದಾ?

ಪ್ರಶ್ನೆ

ಕಡಿದಾದ ಬಂಡೆಗಳ ಕಡಲತಡಿಗುಂಟ 12 ದಿನದಲ್ಲಿ 900 ಕಿ.ಮೀ. ಮುಗಿಸುವ ಯೋಚನೆ ಇದೆ. ಎರಡು ದಿನ ವಿಶ್ರಾಂತಿ ಬಿಟ್ಟರೆ ದಿನಕ್ಕೆ 90. ಸ್ಟೀಲ್ ಫ್ರೇಮ್, ರಿಮ್ ಬ್ರೇಕ್, ಮುಂದೆ 50/34 ಹಲ್ಲಿನ ಚೈನ್‌ರಿಂಗ್, ಹಿಂದೆ 11–28 ಹಲ್ಲಿನ ಕ್ಯಾಸೆಟ್ (ಹಿಂಚಕ್ರದ ಗೇರುಗಳ ಗೊಂಚಲು), 32 ಎಂಎಂ ಟೈರ್. ನಾನು, ಸೈಕಲ್, ಸಾಮಾನು, ನೀರು ಎಲ್ಲ ಸೇರಿ 107 ಕೆ.ಜಿ. ಸಪಾಟು ರಸ್ತೆಯಲ್ಲಿ 90 ಆರಾಮಾಗಿ ಆಗುತ್ತದೆ, ಇಲ್ಲೂ ಆಗುತ್ತದಾ? ಯಾವ ದಿಕ್ಕಿನಿಂದ ಶುರು ಮಾಡಲಿ? ಹೊರಡುವ ಮೊದಲು ಏನೇನು ಬದಲಾಯಿಸಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1

90 ಮರೆತುಬಿಡಿ, 60–65 ಇಟ್ಟುಕೊಳ್ಳಿ. ಕಡಲ ಪಕ್ಕದ ರಸ್ತೆ ಅಂದಮೇಲೆ ಸಪಾಟೇ ಇರುತ್ತದೆ ಅಂದುಕೊಳ್ಳುವಲ್ಲೇ ಎಲ್ಲರೂ ಎಡವುವುದು. ಇಂಥ ಕಡೆ ರಸ್ತೆ ಪ್ರತಿ ಅಳಿವೆಗೂ ಇಳಿದು, ಸೇತುವೆ ದಾಟಿ, ಮುಂದಿನ ಭೂಶಿರಕ್ಕೆ ಮತ್ತೆ ಹತ್ತುತ್ತದೆ. ಘಾಟಿಯಾದರೆ ಒಮ್ಮೆ ಹತ್ತಿದರೆ ಮುಗಿಯಿತು, ಇದು ಗರಗಸದ ಹಲ್ಲು. ದಾರಿಯ ಅತಿ ಎತ್ತರದ ಜಾಗ ಬರೀ 150 ಮೀಟರ್ ಇದ್ದರೂ ದಿನದ ಒಟ್ಟು ಏರು 1,200 ಮೀಟರ್ ದಾಟಬಹುದು. ಮ್ಯಾಪಿನಲ್ಲಿ ನೋಡಬೇಕಾದದ್ದು ಎತ್ತರವಲ್ಲ, ಒಟ್ಟು ಏರು.

107 ಕೆ.ಜಿ.ಯನ್ನು 100 ಮೀಟರ್ ಮೇಲಕ್ಕೆ ಒಯ್ಯಲು ಸುಮಾರು 105 ಕಿಲೋಜೌಲ್ ಬೇಕು. ದಿನವಿಡೀ ತುಳಿಯುವವರು ಸರಾಸರಿ 120 ವಾಟ್ ಕೊಡುತ್ತಾರೆ ಅಂದುಕೊಂಡರೆ, ಪ್ರತಿ 100 ಮೀಟರ್ ಏರಿಗೆ ಹತ್ತಿರ ಹತ್ತಿರ 15 ನಿಮಿಷ. 1,200 ಮೀಟರ್ ಅಂದರೆ ಬರೀ ಏರಿಗೇ ಮೂರು ಗಂಟೆ. ಇಳಿಯುವಾಗ ಅದು ವಾಪಸ್ ಸಿಗುತ್ತದಲ್ಲ ಅನ್ನಬೇಡಿ. ಕೆಳಗೆ ತಿರುವು, ಅದರಾಚೆ ಕಿರಿದಾದ ಸೇತುವೆ. ಗಳಿಸಿದ ವೇಗವೆಲ್ಲ ಬ್ರೇಕಿಗೆ ಹೋಗುತ್ತದೆ.

ಗೇರಿನದು ಇನ್ನೂ ದೊಡ್ಡ ಸಮಸ್ಯೆ. 10% ಏರಿನಲ್ಲಿ 200 ವಾಟ್ ಹಾಕಿ ತುಳಿದರೂ ಗಂಟೆಗೆ ಆರೂವರೆ ಕಿ.ಮೀ. ಅಷ್ಟೇ. ಆ ವೇಗದಲ್ಲಿ ನಿಮ್ಮ 34×28ರಲ್ಲಿ ಪೆಡಲ್ ನಿಮಿಷಕ್ಕೆ 41 ಸುತ್ತು ಮಾತ್ರ ತಿರುಗುತ್ತದೆ. ಎರಡು ದಿನ ಹೀಗೇ ಒತ್ತಿದರೆ ಮೂರನೇ ದಿನ ಮಂಡಿ ಮಾತಾಡುತ್ತದೆ. ಹಿಂದೆ 11–34 ಹಾಕಿದರೆ 50 ಸುತ್ತು, ಜೊತೆಗೆ ಮುಂದೆ 46/30 ಹಾಕಿದರೆ 57. ಟೂರಿಂಗ್ ಕ್ರ್ಯಾಂಕಿನ (ಪೆಡಲ್ ತೋಳು, ಚೈನ್‌ರಿಂಗ್ ಸೇರಿದ ಜೋಡಿ) 26, ಹಿಂದೆ 36 ಇದ್ದರೆ 70, ಅದು ನಿಜವಾದ ಸುಖ.

ಬದಲಾಯಿಸುವಾಗ ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಭಾಗ) ಎಷ್ಟು ಚೈನ್ ಎಳೆದುಕೊಳ್ಳಬಲ್ಲದು ನೋಡಿ. 46/30, 11–34ಕ್ಕೆ (46−30)+(34−11) = 39 ಹಲ್ಲು ಬೇಕು. ಸಣ್ಣ ಕೇಜಿನದು (ಕೇಜ್ ಅಂದರೆ ಡಿರೈಲರಿನಲ್ಲಿ ಚೈನ್ ಹಿಡಿಯುವ ತೋಳು) ಇದಕ್ಕೆ ಸಾಲದು, ಉದ್ದ ಕೇಜಿನದೇ ಬೇಕು. ಹಳೇ ಚೈನನ್ನೇ ಬಿಟ್ಟರೆ ಮುಂದೆ ಹಿಂದೆ ಎರಡೂ ಕಡೆ ದೊಡ್ಡದು ಹಾಕಿದಾಗ ಚೈನ್ ಬಿಗಿದು ಹ್ಯಾಂಗರ್ (ಡಿರೈಲರ್ ತೂಗುವ ಫ್ರೇಮಿನ ಕೊಂಡಿ) ಮುರಿಯಬಹುದು, ಹೊಸ ಉದ್ದ ಅಳೆದೇ ಹಾಕಿ. ಚೈನ್‌ರಿಂಗ್ ಚಿಕ್ಕದಾದಷ್ಟೂ ಮುಂದಿನ ಡಿರೈಲರ್ ಕೆಳಗಿಳಿಯಬೇಕು. ಕೆಲವು ಫ್ರೇಮಿನಲ್ಲಿ ಅದರ ಬೆಸುಗೆ ಹಾಕಿದ ಕೊಕ್ಕೆಯೇ ಅಡ್ಡ ಬರುತ್ತದೆ. ಇದನ್ನು ಕ್ರ್ಯಾಂಕ್ ಕೊಳ್ಳುವ ಮೊದಲು ನೋಡಿ.

ಉತ್ತರ 2

ದಿಕ್ಕಿನ ಬಗ್ಗೆ. ಎಡಬದಿಯ ಸಂಚಾರ ಇರುವ ಕಡೆ ಸಮುದ್ರ ನಿಮ್ಮ ಎಡಕ್ಕಿರಲಿ, ಬಲಬದಿಯ ಸಂಚಾರ ಇದ್ದರೆ ಬಲಕ್ಕೆ. ದ್ವೀಪ ಸುತ್ತುವುದಾದರೆ ಮೊದಲನೆಯದಕ್ಕೆ ಪ್ರದಕ್ಷಿಣೆ, ಎರಡನೆಯದಕ್ಕೆ ಅಪ್ರದಕ್ಷಿಣೆ. ನೋಟಕ್ಕೂ ನಿಮಗೂ ನಡುವೆ ಲಾರಿ ಬರುವುದಿಲ್ಲ, ನಿಲ್ಲಬೇಕೆಂದರೆ ರಸ್ತೆ ದಾಟಬೇಕಿಲ್ಲ.

ಆದರೆ ಗಾಳಿ ಇದಕ್ಕಿಂತ ದೊಡ್ಡದು. ಆ ತಿಂಗಳು ಗಾಳಿ ತೀರದ ಉದ್ದಕ್ಕೂ ಒಂದೇ ಕಡೆಯಿಂದ ಬೀಸುವುದಾದರೆ ಅದರ ಬೆನ್ನು ಹಿಡಿದೇ ಹೋಗಿ, ನೋಟ ಬಲಕ್ಕಿರಲಿ ಎಡಕ್ಕಿರಲಿ. ಸಮುದ್ರದ ಬದಿ ಹಿಡಿದಾಗ ಕಡಲಿಂದ ಬರುವ ಅಡ್ಡಗಾಳಿ ನಿಮ್ಮನ್ನು ದೂಡುವುದು ವಾಹನಗಳ ಕಡೆಗೇ, ಅದೂ ನೆನಪಿರಲಿ. ಗುಡ್ಡ ಕಡಿದು ಮಾಡಿದ ರಸ್ತೆಯೊಳಗೆ ಗಾಳಿ ಸತ್ತಿರುತ್ತದೆ, ಹೊರಬಂದ ಕ್ಷಣ ಕಪಾಳಕ್ಕೆ ಹೊಡೆದ ಹಾಗೆ ಬರುತ್ತದೆ. ಲಾರಿ ಪಕ್ಕದಲ್ಲಿ ಹಾದುಹೋದಾಗಲೂ ಅಷ್ಟೇ. ಹ್ಯಾಂಡಲ್ ಬಿಗಿಹಿಡಿಯಬೇಡಿ, ಮೊಣಕೈ ಸಡಿಲವಿರಲಿ, ಅಂಚಿನಿಂದ ಒಂದು ಮೀಟರ್ ದೂರ ಬಿಟ್ಟು ಹೋಗಿ. ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 6, ಅಂದರೆ ಗಂಟೆಗೆ 39–49 ಕಿ.ಮೀ. ಗಾಳಿಗೆ ನಾಲ್ಕು ಚೀಲದ ಸೈಕಲ್ ನೇರ ಹೋಗುವುದೇ ಕಷ್ಟ. 7 ಬಂದರೆ ಸವಾರಿ ನಿಲ್ಲಿಸಿ.

ನೆಲ ಕಾದ ಮೇಲೆ ಕಡಲ ಗಾಳಿ ಏಳುತ್ತದೆ, ಮಧ್ಯಾಹ್ನ ಜೋರು, ಸಂಜೆ ಇಳಿಯುತ್ತದೆ. ಬೆಳಕು ಹರಿಯುತ್ತಲೇ ಹೊರಟು 11ರೊಳಗೆ ಮುಕ್ಕಾಲು ದಾರಿ ಮುಗಿಸಿ.

ಉತ್ತರ 3

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸೈಕಲ್ ಕೂಡ. ಪ್ರತಿ ಸಂಜೆ ಒಂದೆರಡು ಲೀಟರ್ ಸಿಹಿನೀರು ಮೇಲಿಂದ ಹಾಗೇ ಸುರಿಯಿರಿ. ಪೈಪಿನ ರಭಸದ ನೀರನ್ನು ಚಕ್ರದ ನಡುವಿನ ಹಬ್‌ಗೆ, ಪೆಡಲಿನ ಬೇರಿಂಗಿಗೆ ಹಿಡಿದರೆ ಉಪ್ಪು ಒಳಗೇ ಹೋಗುತ್ತದೆ. ಬಟ್ಟೆಯಲ್ಲಿ ಒರೆಸಿ, ಚೈನ್ ಒಣಗಿದ ಮೇಲೆ ಎಣ್ಣೆ: ಪ್ರತಿ ಕೊಂಡಿಗೆ ಒಂದು ಹನಿ, ಐದು ನಿಮಿಷ ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿ. ಒರೆಸದಿದ್ದರೆ ಮರಳು ಹಿಡಿದು ಚೈನೇ ಅರವಾಗುತ್ತದೆ.

ಕಣ್ಣಿಗೆ ಕಾಣದ ಹಾನಿ ಎರಡು ಬೇರೆ ಲೋಹ ಕೂಡುವಲ್ಲಿ ಆಗುತ್ತದೆ. ಸ್ಟೀಲ್ ಫ್ರೇಮಿನೊಳಗೆ ಅಲ್ಯುಮಿನಿಯಂ ಸೀಟ್ ಪೋಸ್ಟ್, ನಡುವೆ ಉಪ್ಪುನೀರು: ಸಣ್ಣ ಬ್ಯಾಟರಿಯೇ ಆಯಿತು. ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಪೋಸ್ಟ್ ಕಚ್ಚಿಕೊಳ್ಳುತ್ತದೆ, ಆಮೇಲೆ ಗರಗಸವೇ ಗತಿ. ಹೊರಡುವ ಮೊದಲು ಪೋಸ್ಟ್ ಎಳೆದು, ಒರೆಸಿ, ಗ್ರೀಸ್ ಬಳಿದು ಕೂರಿಸಿ. ಪೆಡಲಿನ ಮರೆ (ತಿರುಪಿನ ಥ್ರೆಡ್), ಬಾಟಲಿ ಹಿಡಿಕೆಯ ಬೋಲ್ಟ್, ಶೂ ಕ್ಲೀಟಿನ (ಪೆಡಲಿಗೆ ಕಚ್ಚುವ ಶೂ ಅಡಿಯ ತಗಡು) ಸ್ಕ್ರೂಗೂ ಗ್ರೀಸ್ ಬೇಕು. ಎಡ ಪೆಡಲಿನದು ತಿರುವು-ಮುರುವು ಮರೆ, ಬಿಚ್ಚುವಾಗ ಗಡಿಯಾರದ ದಿಕ್ಕಿಗೆ ತಿರುಗಿಸಿ. ಕ್ಯಾರಿಯರ್ ಬೋಲ್ಟಿಗೆ ಮಾತ್ರ ಗ್ರೀಸ್ ಬೇಡ, ಅಲುಗಾಟಕ್ಕೆ ಕಳಚುತ್ತದೆ. ನೀಲಿ ಲಾಕ್‌ಟೈಟ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಹಾಕಿ, ಎರಡು ದಿನಕ್ಕೊಮ್ಮೆ ಅಲೆನ್ ಕೀಲಿ ಹಾಕಿ ಬಿಗಿ ಇದೆಯಾ ನೋಡಿ. ನಾಲ್ಕು ಎಂ5 (5 ಎಂಎಂ ದಪ್ಪದ) ಬೋಲ್ಟ್ ಹೆಚ್ಚಿಗೆ ಇರಲಿ.

ಫೋನಿನ ಚಾರ್ಜಿಂಗ್ ತೂತು ಒದ್ದೆ ಇರುವಾಗ ವೈರ್ ಚುಚ್ಚಬೇಡಿ. ಉಪ್ಪುನೀರಲ್ಲಿ ಕರೆಂಟ್ ಹರಿದರೆ ಪಿನ್ ತಿಂದುಹಾಕುತ್ತದೆ.

ಉತ್ತರ 4

ಬ್ರೇಕ್ ಬಗ್ಗೆ ಯಾರೂ ಹೇಳಲಿಲ್ಲ. ಮೇಲೆ ಹೇಳಿದ ಆ 105 ಕಿಲೋಜೌಲ್ ಇಳಿಯುವಾಗ ಎಲ್ಲಿಗೆ ಹೋಗುತ್ತದೆ? ಬ್ರೇಕ್ ಒತ್ತಿಕೊಂಡೇ ಇಳಿದರೆ ಬಹುಪಾಲು ರಿಮ್ಮಿಗೆ. ರಿಮ್ ಕಾದು ಟ್ಯೂಬಿನ ಒತ್ತಡ ಏರಿ ಟೈರ್ ಹಾರಬಹುದು. ನೇರ ರಸ್ತೆಯಲ್ಲಿ ಬಿಟ್ಟು, ಮೈ ನೆಟ್ಟಗೆ ಮಾಡಿ ಗಾಳಿಗೇ ವೇಗ ಕೊಟ್ಟು, ತಿರುವಿನ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ಬಿಡಿ.

ಪ್ಯಾಡಿನಲ್ಲಿ ಮರಳು, ಅಲ್ಯುಮಿನಿಯಂ ಚೂರು ಸಿಕ್ಕಿಕೊಳ್ಳುತ್ತದೆ. ಕರಕರ ಸದ್ದು ಬಂದರೆ ಅವತ್ತೇ ಚಕ್ರ ತೆಗೆದು, ಸೂಜಿ ಮೊನೆಯಿಂದ ಒಂದೊಂದೇ ಕಿತ್ತು, ಪ್ಯಾಡ್ ಮುಖವನ್ನು ಉಪ್ಪುಕಾಗದಕ್ಕೆ ತಿಕ್ಕಿ. ಎರಡು ಜೊತೆ ಪ್ಯಾಡ್ ಒಯ್ಯಿರಿ.

ಭಾರಕ್ಕೆ ಮೊದಲು ಮುರಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರದ ಕ್ಯಾಸೆಟ್ ಬದಿಯ ಕಡ್ಡಿ. ಅಳತೆಯ ಮೂರು ಕಡ್ಡಿ ಇದ್ದರೆ ಸಾಲದು, ಕ್ಯಾಸೆಟ್ ಬಿಚ್ಚುವ ಲಾಕ್‌ರಿಂಗ್ ಟೂಲೂ ಬೇಕು. ಹಲವರು ಕಡ್ಡಿ ಒಯ್ದು ಟೂಲ್ ಮರೆಯುತ್ತಾರೆ. ನಿಮ್ಮ ಫ್ರೇಮಿನ ಹ್ಯಾಂಗರ್ ಬಿಚ್ಚಿ ಬದಲಾಯಿಸುವಂಥದ್ದಾದರೆ ಅದೂ ಒಂದು. ಜಾಗ ಇದ್ದರೆ ಟೈರ್ 38ಕ್ಕೆ ಏರಿಸಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. 11–34, ಉದ್ದ ಕೇಜಿನ ಡಿರೈಲರ್ ಹಾಕಿಸುತ್ತೇನೆ. ಇನ್ನೊಂದು: ನಡುವೆ ಉದ್ದ ಮರಳಿನ ತೀರಗಳಿವೆ. ಇಳಿತದ ಹೊತ್ತಲ್ಲಿ ಗಟ್ಟಿ ಮರಳ ಮೇಲೆ ಹೋದರೆ ಏರು ತಪ್ಪುತ್ತದಾ? ಅಲ್ಲೇ ಟೆಂಟ್ ಹಾಕಬಹುದಾ?

ಉತ್ತರ 5

ಏರು ತಪ್ಪುತ್ತದೆ, ಆದರೆ ಒಂದು ಗಂಟೆ ಒದ್ದೆ ಮರಳಲ್ಲಿ ಹೋದರೆ ಚೈನ್, ಬೇರಿಂಗಿಗೆ ವಾರದ ಸವೆತ ಒಂದೇ ದಿನ. ಹೋಗಲೇಬೇಕೆಂದರೆ ಇಳಿತದ ತುದಿಗೆ ಒಂದು ಗಂಟೆ ಮೊದಲು ಇಳಿಯಿರಿ, ಉಬ್ಬರ ಶುರುವಾಗುವುದರೊಳಗೆ ಮೇಲೆ ಬನ್ನಿ. ಬಹುತೇಕ ತೀರಗಳಲ್ಲಿ ಉಬ್ಬರ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆಯ ಹೊತ್ತನ್ನೇ ಇವತ್ತಿಗೂ ನಂಬಬೇಡಿ. ಎರಡು ಬಂಡೆಗಳ ನಡುವಿನ ತೀರವಾದರೆ ಆಚೆ ತುದಿಯಲ್ಲಿ ಮೇಲೆ ಬರಲು ದಾರಿ ಇದೆಯಾ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಟೆಂಟಿಗೆ ಅನುಮತಿ ಇದೆಯಾ ಕೇಳಿ. ಇದ್ದರೆ, ಒಣಗಿದ ಪಾಚಿ-ಕಸದ ಗೆರೆ ಕಾಣುತ್ತದಲ್ಲ, ಅದು ಹಿಂದಿನ ಉಬ್ಬರ ಮುಟ್ಟಿದ ಜಾಗ. ಅದಕ್ಕಿಂತ ಸಾಕಷ್ಟು ಮೇಲೆ ಹಾಕಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಆ ಗೆರೆಯನ್ನೂ ದಾಟಬಹುದು. ಬಂಡೆಯ ಬುಡದಲ್ಲಿ ಮಾತ್ರ ಬೇಡ, ಕಲ್ಲು ಉದುರುತ್ತದೆ. ಮಂಜು ಕವಿದ ಬೆಳಗ್ಗೆ ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ. ಭೂಶಿರದ ಮೇಲೆ ನೀರು ಸಿಗುವುದು ಅಪರೂಪ. ಊರುಗಳು ಹೆಚ್ಚಾಗಿ ಅಳಿವೆಯ ಬಳಿ ಇರುತ್ತವೆ, ಅಲ್ಲೇ ಮೂರು ಲೀಟರ್ ತುಂಬಿಕೊಂಡು ಹತ್ತಿ.