ಅಜ್ಜಿಯ ಡಬ್ಬಿಯ ಭಾರದ ರೂಪಾಯಿ: ಟಂಕಸಾಲೆಯ ತಪ್ಪೇ?

ಪ್ರಶ್ನೆ: ಅಜ್ಜಿಯ ಸಾಸಿವೆ ಡಬ್ಬಿಯಲ್ಲಿ ಒಂದು ರೂಪಾಯಿಯ ಐದು ಹಳೆಯ ನಾಣ್ಯಗಳು ಸಿಕ್ಕವು. ಐದೂ ಒಂದೇ ಅಗಲ, ಆದರೆ ಒಂದು ಮಾತ್ರ ಅಂಗೈಗೆ ಭಾರ. ಬಂಗಾರದ ಅಂಗಡಿಯಲ್ಲಿ ತೂಗಿಸಿದಾಗ ನಾಲ್ಕು ಎಂಟು ಗ್ರಾಂ ಆಸುಪಾಸಿನಲ್ಲಿದ್ದವು, ಇದು 9.9 ಗ್ರಾಂ ಬಂತು. ತಪ್ಪಾಗಿ ಅಚ್ಚಾದದ್ದೇ? ಪರೀಕ್ಷಿಸಿ ಅನುಭವವಿರುವವರು ತಿಳಿಸಿ.

ಉತ್ತರ 1: ಮೊದಲು ಇಸವಿ ನೋಡಿ. 1962 ಎಂದಿದ್ದರೆ ಅದು ಶುದ್ಧ ನಿಕ್ಕಲ್ ರೂಪಾಯಿ, ತೂಕ 10 ಗ್ರಾಂ. 1975ರಿಂದ ಅದೇ 28 ಮಿಲಿಮೀಟರ್ ಅಗಲದಲ್ಲಿ ತಾಮ್ರ-ನಿಕ್ಕಲ್ ಮಿಶ್ರಲೋಹದ ನಾಣ್ಯ ಬಂತು, ಅದು 8 ಗ್ರಾಂ. ಎರಡರಲ್ಲೂ ತೆನೆಗಳಿವೆ, ಬಣ್ಣವೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಎಂಥವರೂ ಮೋಸಹೋಗುತ್ತಾರೆ. ಒಂದು ಅಯಸ್ಕಾಂತ ತನ್ನಿ. ನಿಕ್ಕಲ್ ನಾಣ್ಯ ಟಕ್ಕೆಂದು ಅಂಟಿಕೊಳ್ಳುತ್ತದೆ, ತಾಮ್ರ-ನಿಕ್ಕಲ್ ಅಲುಗುವುದೇ ಇಲ್ಲ. ಆದರೆ ಇಸವಿ ನೋಡದೆ ಅಯಸ್ಕಾಂತವನ್ನಷ್ಟೇ ನಂಬಬೇಡಿ: 1992ರ ನಂತರದ ಸ್ಟೀಲ್ ರೂಪಾಯಿಯೂ ಅಂಟುತ್ತದೆ.

ನಾನು ಇಪ್ಪತ್ತು ವರ್ಷದಿಂದ ನಾಣ್ಯ ಕೂಡಿಡುತ್ತಿದ್ದೇನೆ. "ತೂಕದ ತಪ್ಪು" ಎಂದು ಜನ ತಂದು ತೋರಿಸಿದ್ದರಲ್ಲಿ ಮುಕ್ಕಾಲುಪಾಲು ಇಂಥವೇ. ಸರ್ಕಾರ ಲೋಹ ಬದಲಿಸಿತು, ತೂಕ ಬದಲಾಯಿತು, ಅಷ್ಟೆ. ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ಇದ್ದ ಕಾಲದಿಂದಲೂ ಈ ಇಳಿಕೆ ನಡೆದೇ ಬಂದಿದೆ.

ಉತ್ತರ 2: ನಾನು ಕಿರಾಣಿ ಅಂಗಡಿ ಇಟ್ಟವಳು. ಐದು ರೂಪಾಯಿಯಲ್ಲೂ ಇದೇ ಕಥೆ. ಹಳೆಯ ದಪ್ಪ ನಾಣ್ಯ 9 ಗ್ರಾಂ, ಆಮೇಲಿನ ಸ್ಟೀಲ್ ನಾಣ್ಯ 6 ಗ್ರಾಂ, ಅಗಲ ಎರಡಕ್ಕೂ 23 ಮಿಲಿಮೀಟರ್. ಗಲ್ಲಾಪೆಟ್ಟಿಗೆಯಲ್ಲಿ ಕೈಯಾಡಿಸಿದರೆ ನೋಡದೆಯೇ ತಿಳಿಯುತ್ತದೆ.

ಉತ್ತರ 3: ನಿಜವಾದ ತಪ್ಪು ಎಂದರೆ ಒಂದು ನಾಣ್ಯದ ಅಚ್ಚು ಇನ್ನೊಂದರ ಬಿಲ್ಲೆಯ ಮೇಲೆ ಬಿದ್ದಿರುವುದು. ಆಗ ಆ ಇಸವಿಯ ನಿಗದಿತ ತೂಕ, ಅಗಲ, ಲೋಹ ಇವುಗಳಲ್ಲಿ ಯಾವುದಾದರೂ ಹೊಂದದೆ ಸಿಕ್ಕಿಬೀಳುತ್ತದೆ. ಬಿಲ್ಲೆ ಕಿರಿದಾಗಿದ್ದರೆ ಚಿತ್ರದ ಅಂಚು ಕತ್ತರಿಸಿದಂತೆ ಕಾಣುತ್ತದೆ. ಲೋಹ ಯಾವುದೆಂಬ ಅನುಮಾನವಿದ್ದರೆ ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರಿನೊಳಗೆ ತೂಗುಬಿಟ್ಟು ತೂಗಿ. ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಿಮೆಯಾದಷ್ಟರಿಂದ ಭಾಗಿಸಿದರೆ ನಿಕ್ಕಲಿಗೂ ತಾಮ್ರ-ನಿಕ್ಕಲಿಗೂ 8.9ರ ಹತ್ತಿರ ಬರುತ್ತದೆ, ಸ್ಟೀಲಿಗೆ 7.7ರ ಸುಮಾರು.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಅಪ್ಪ ಕೊಟ್ಟಿದ್ದ ನಾಣ್ಯವನ್ನು ನಾನು ಹಾಗೆ ತಿಕ್ಕಿದೆ. ಫಳಫಳ ಹೊಳೆಯಿತು, ಆದರೆ ಮೈತುಂಬ ಕೂದಲೆಳೆಯಂಥ ಗೀರು. ಇಂದಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇನ್ನೊಂದು ಮಾತು: ಲಕ್ಷ ರೂಪಾಯಿ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಫೋನ್ ಬಂದರೆ ಕೂಡಲೇ ಇಡಿ. ತನ್ನ ಹೆಸರಿನಲ್ಲಿ ಹಳೆಯ ನಾಣ್ಯ-ನೋಟುಗಳ ವ್ಯವಹಾರಕ್ಕೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಪ್ರಶ್ನೆ ಕೇಳಿದವರು: ಇಸವಿ 1962. ಫ್ರಿಜ್ ಬಾಗಿಲಿನ ಅಯಸ್ಕಾಂತ ತೆಗೆದು ತಾಗಿಸಿದೆ. ಇದು ಅಂಟಿತು, ಉಳಿದ ನಾಲ್ಕೂ ಜಾರಿ ಬಿದ್ದವು. ಅಜ್ಜಿಗೆ ಫೋನ್ ಮಾಡಿ ಕೇಳಿದರೆ, "ಅದು ಗಟ್ಟಿ ರೂಪಾಯಿ ಕಣಪ್ಪಾ, ಖರ್ಚು ಮಾಡಲು ಮನಸ್ಸಾಗಲಿಲ್ಲ" ಎಂದರು. ಎಲ್ಲರಿಗೂ ಧನ್ಯವಾದಗಳು.